ಸೋರೋದಲ್ಲ, ಬೆವರೋದು

ತೊಂಬತ್ತರ ದಶಕದಲ್ಲಿ ಕುವೆಂಪುನಗರದ ನಮ್ಮ ಎದುರುಮನೆ ಅಂಕಲ್ಲನ್ನು ಅಣಕಿಸುವುದೇ ನನ್ನ ಮುಖ್ಯ ಉದ್ಯೋಗ, ಓದು ಉಪಕಸುಬು. ಭಾನುವಾರ ಬಂದರೆ ಅವರು ಬನಿಯನ್ನಿನಲ್ಲಿ, ಹಳೇ ಕಾರಿನ ಬಾನೆಟ್ಟಿನೊಳಗೆ ಅರ್ಧ ಮುಳುಗಿರುತ್ತಿದ್ದರು. ಬೀದಿಗೆ ಕಾಣುತ್ತಿದ್ದದ್ದು ಹಿಂಭಾಗ ಮಾತ್ರ. ನಾನು ಅದನ್ನೂ ಅನುಕರಿಸುತ್ತಿದ್ದೆ.

ಇಂಜಿನ್ನಿನಿಂದ ಆಯಿಲ್ ತೊಟ್ಟಿಕ್ಕಿ, ಆಂಟಿ ತೊಳೆದ ಅಂಗಳದಲ್ಲೆಲ್ಲ ಕರೀ ಬೊಟ್ಟು. ಕೇಳಿದರೆ ಅಂಕಲ್, "ಸೋರೋದಲ್ಲ ಕಣೋ, ಬೆವರೋದು. ಅದಕ್ಕೂ ವಯಸ್ಸಾಯ್ತು" ಅನ್ನುತ್ತಿದ್ದರು.

ಒಂದು ದಸರೆಗೆ ಆಂಟಿ ಖಡಾಖಂಡಿತವಾಗಿ ಹೇಳಿದರು: "ಆಯುಧಪೂಜೆ ದಿನ ಒಂದು ತೊಟ್ಟು ಬಿದ್ರೂ ಗುಜರಿಗೆ ಹಾಕ್ಬುಡ್ತೀನಿ, ನೋಡ್ಕೊಳ್ರೀ."

ಅಂಕಲ್ ನಿಜಕ್ಕೂ ಹೆದರಿದರು. ಇಂಜಿನ್ನಿನ ಮೇಲಿನ ಮುಚ್ಚಳ ಬಿಚ್ಚಿ, ಆಯಿಲ್ ಸೋರದಂತೆ ತಡೆಯುವ ಹೊಸ ಗ್ಯಾಸ್ಕೆಟ್ ಕೂರಿಸಿದರು. ಬೋಲ್ಟು ಬಿಗಿಯಾದ ಮೇಲೂ, "ಇನ್ನೊಂದು ಸುತ್ತು ಇರ್ಲಿ ಬುಡು" ಅಂತ ತಿರುಗಿಸಿದರು. ಹಾಗೆ ಅತಿಯಾಗಿ ಬಿಗಿದರೆ ಗ್ಯಾಸ್ಕೆಟ್ಟೇ ನಲುಗಿಹೋಗುತ್ತದೆಂದು ಅವರಿಗೂ ಗೊತ್ತಿರಲಿಲ್ಲ, ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದ ನನಗೂ.

ಪೂಜೆಯ ಬೆಳಿಗ್ಗೆ ಕಾರು ಚೆಂಡುಹೂವಿನ ಹಾರ ಹಾಕಿಕೊಂಡು ಮದುಮಗನ ಹಾಗೆ ನಿಂತಿತ್ತು. ಚಕ್ರದಡಿ ಇಡುವ ನಿಂಬೆಹಣ್ಣು ತರಲು ಅಂಕಲ್ ಒಳಗೆ ಹೋದರು. ಅಷ್ಟರಲ್ಲಿ ಇಂಜಿನ್ನಿನ ಕೆಳಗೆ ಟಪ್ ಅಂತ ಒಂದು ಹನಿ ಬಿತ್ತು. ಆಂಟಿ ನೋಡಿದರು, ನಾನು ನೋಡಿದೆ. ನಾನು ಬಾಯಿ ತೆರೆಯುವ ಮೊದಲೇ ಆಂಟಿ ಬಗ್ಗಿ, ತಟ್ಟೆಯಲ್ಲಿದ್ದ ಹೂವಿನ ಎಸಳನ್ನೆಲ್ಲ ಆ ಹನಿಯ ಮೇಲೆ ಸುರಿದುಬಿಟ್ಟರು.

"ಸುಮ್ನಿರೋ," ಅಂದರು ಮೆಲ್ಲಗೆ. "ಸೋರೋದಲ್ಲ ಕಣೋ, ಬೆವರೋದು."

ನಾನು ಎಷ್ಟು ವರ್ಷ ಗಂಟಲು ಹರಿದುಕೊಂಡರೂ ಅಂಕಲ್ ದನಿ ನನಗೆ ಅಷ್ಟು ಸರಿಯಾಗಿ ಬಂದಿರಲಿಲ್ಲ.