ಮೂರು ಕೋಲು ಹಿಡಿದು ಲಿಂಗಸುಗೂರಿಗೆ

ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಆ ದಿನ ಬೆಳಿಗ್ಗೆ ನಾವು ಮೂವರು, ಮೂರು ಉದ್ದನೆಯ ಕೋಲುಗಳ ಕಟ್ಟು ಹಿಡಿದು ನಿಂತಿದ್ದೆವು. ನಾನು, ನನ್ನ ಅಕ್ಕ ನೀಲವ್ವ, ಸಂತೆಕಲ್ಲೂರಿನ ಬಡಿಗ ಯಮನಪ್ಪ. ತೊಂಬತ್ತಾರನೇ ಇಸವಿ, ಶಿವರಾತ್ರಿ ಇನ್ನೂ ಮುಂದಿತ್ತು, ಚಳಿ ಬಿಟ್ಟಿರಲಿಲ್ಲ. ಆದರೆ ನನಗೆ ಚಳಿಯ ನೆನಪೇ ಇರಲಿಲ್ಲ. ಹಿಂದಿನ ರಾತ್ರಿ ನಿದ್ದೆ ಹತ್ತಿರ ಸುಳಿದಿರಲಿಲ್ಲ. ಮದುವೆಯ ಗಂಡಿಗೂ ಇಷ್ಟು ಸಡಗರ ಇರುವುದಿಲ್ಲವೆಂದು ಯಮನಪ್ಪ ಎರಡು ಸಲ ಕಾಡಿಸಿದ.

ನಾವು ಹೊರಟದ್ದು ಮರ ಕಡೆಯುವ ಮಷೀನು ಆರಿಸಲಿಕ್ಕೆ. ಊರಲ್ಲಿ ನನ್ನದೊಂದು ಎರಡು ಟೇಬಲ್ಲಿನ ಸ್ನೂಕರ್ ಹಾಲ್ ಇತ್ತು. ಕಾಲುವೆ ನೀರಿನ ಭತ್ತ ಊರಿಗೆ ಏನೇನು ತಂದಿತೋ, ಅದರ ಜೊತೆ ಸ್ನೂಕರನ್ನೂ ತಂದಿತ್ತು. ಚೆಂಡು ಹೊಡೆಯುವ ಕೋಲಿಗೆ ಕ್ಯೂ ಎನ್ನುತ್ತಾರೆ. ಮುಂಬಯಿಯಿಂದ ತರಿಸಿದ ಕ್ಯೂ ನಮ್ಮ ಏಪ್ರಿಲ್ ಬಿಸಿಲಿಗೆ ಬಿಲ್ಲಿನಂತೆ ಬಾಗಿ, ಚೆಂಡು ಒಂದು ಕಡೆ, ಹುಡುಗರ ಬೈಗುಳ ಇನ್ನೊಂದು ಕಡೆ ಹೋಗುತ್ತಿತ್ತು. ನಮ್ಮ ಬಿಸಿಲು ತಿಂದು ಬೆಳೆದ ಮರದಿಂದ ನಾವೇ ಕ್ಯೂ ಮಾಡಿದರೆ ಹೇಗೆ ಎಂಬ ಹುಳ ನನ್ನ ತಲೆಯನ್ನು ಹೊಕ್ಕಿತ್ತು. ಮಾಡುವುದಕ್ಕೆ ಜಾಗ ಅಕ್ಕನ ಹತ್ತಿರ ಇತ್ತು: ಮುಚ್ಚಿಹೋದ ಅವಳ ರೈಸ್ ಮಿಲ್ಲಿನ ಹಿಂದಿನ ಶೆಡ್ಡು. ಅದರ ಮೇಲೆ ಗೊಬ್ಬರದ ಸಾವುಕಾರನೊಬ್ಬನ ಕಣ್ಣು ಬಿದ್ದಿತ್ತು. ಮರುದಿನ ಬೆಳಿಗ್ಗೆ ಅವನು ಶೆಡ್ಡು ಕೊಡುತ್ತಾಳೋ ಇಲ್ಲವೋ ಎಂದು ಕೇಳಲು ಬರುವವನಿದ್ದ.

"ಇವತ್ತ ಸಂಜಿಗೆ ಮಷೀನ ಯಾವ್ದಂತ ಪಕ್ಕಾ ಆಗಬೇಕು," ಎಂದು ಅಕ್ಕ ಬಸ್ಸು ಹತ್ತುವ ಮೊದಲೇ ಹೇಳಿದಳು. "ಆಗಲಿಲ್ಲಂದ್ರ ಶೆಡ್ಡ ಅವಂಗ. ಆಮ್ಯಾಲ ಅಕ್ಕಾ ಅಕ್ಕಾ ಅಂತ ಬೆನ್ನ ಹತ್ತಬ್ಯಾಡ."

ಕೋಲುಗಳಲ್ಲಿ ಎರಡನ್ನು ಯಮನಪ್ಪ ಹಿಂದಿನ ಸಂಜೆಯೇ ತನ್ನ ಊರಿಂದ ತಂದಿದ್ದ. ದಿಂಡಿಗದ ಮರ, ಗುದ್ದಲಿ ಕೊಡಲಿಗಳ ಹಿಡಿಗೆ ಹಾಕುವಂಥದ್ದು. ಅವನು ಮೂಲದಲ್ಲಿ ಬಂಡಿ ಕಟ್ಟುವ ಬಡಿಗ. ಬಂಡಿಯ ಮರವನ್ನು ಕೆರೆಯ ಕೆಸರಿನಲ್ಲಿ ಹೂತಿಟ್ಟು ಹದ ಮಾಡುವುದು ಅವರ ಮನೆತನದ ಪದ್ಧತಿ. "ಇವನ್ನೂ ಹಂಗ ಕೆರಿಯಾಗ ಹೂತಿದ್ದೆ. ಮೊನ್ನಿ ದೀಪಾವಳಿಗೆ ತಗದೀನಿ. ಹುಳ ಮುಟ್ಟಂಗಿಲ್ಲ," ಎಂದು ಹೆಮ್ಮೆಯಿಂದ ಹೇಳಿದ್ದ. ಮೂರನೆಯದು ಅಕ್ಕನದು. ಮಿಲ್ಲಿನ ಅಂಗಳದಲ್ಲಿ ಕುದಿಸಿದ ಭತ್ತ ಹರವುವ, ತುದಿಗೆ ಹಲಗೆ ಬಡಿದ ಗೋರಿಯ ಹಿಡಿ. ದಾರಿಯಲ್ಲಿ ಯಮನಪ್ಪನ ಕೋಲು ಮುರಿಯಬಾರದೆಂದು, ಮುರಿದ ಕಾಲಿಗೆ ದಬ್ಬೆ ಕಟ್ಟಿದ ಹಾಗೆ ಅಕ್ಕ ಅದನ್ನು ಜೊತೆಗೆ ಬಿಗಿದಿದ್ದಳು.

ಪ್ರಯಾಣದ ಹೊತ್ತನ್ನು ನಾವು ಗೊತ್ತು ಮಾಡಿದ್ದು ಬಸ್ಸಿನ ವೇಳೆ ನೋಡಿ ಅಲ್ಲ, ಕರೆಂಟಿನ ಪಾಳಿ ನೋಡಿ. ನೋಡಬೇಕಿದ್ದ ಮಷೀನುಗಳು ಎರಡು ಊರಲ್ಲಿದ್ದವು. ಮೋಟರು ತಿರುಗಲು ಬೇಕಾದ ತ್ರೀ ಫೇಸ್ ಕರೆಂಟು ಮಸ್ಕಿಯಲ್ಲಿ ಆ ವಾರ ಬೆಳಿಗ್ಗೆ, ಲಿಂಗಸುಗೂರಿನಲ್ಲಿ ಮಧ್ಯಾಹ್ನ. ನಮ್ಮ ಕಡೆ ಬೀಗರ ಮನೆಗೆ ಹೋಗುವವರು ಕೂಡ ಹಿಟ್ಟಿನ ಗಿರಣಿಯ ಪಾಳಿ ಕೇಳಿಯೇ ಹೊರಡುತ್ತಿದ್ದ ಕಾಲ ಅದು.

ಕಂಡಕ್ಟರ್ ಕೋಲಿನ ಕಟ್ಟು ನೋಡಿ ಹುಬ್ಬೇರಿಸಿದ. "ಏನ್ರೀ, ಎತ್ತಿನ ಜಾತ್ರಿಗೆ ಹೊಂಟೀರೇನು? ಬಾರಕೋಲ ಭಾಳ ಉದ್ದ ಆದ್ವಲ್ಲ."

"ಎತ್ತಿಗೆ ಅಲ್ಲಪಾ, ಬಣ್ಣದ ಗುಂಡಿಗೆ ಹೊಡಿಯಾಕ," ಎಂದಳು ಅಕ್ಕ, ನಗದೆ. ಅವನು ತಲೆಯಾಡಿಸಿ ಮುಂದಿನ ಸೀಟಿಗೆ ಸರಿದ. ಲಗೇಜಿನ ಟಿಕೆಟ್ಟನ್ನೂ ಹರಿಯಲಿಲ್ಲ.

ಭತ್ತದ ಗದ್ದೆಗಳ ಹಸಿರು ಹಿಂದೆ ಸರಿದು, ಕರಿ ನೆಲದ ಜೋಳದ ಹೊಲಗಳು ಬಂದು, ಮಸ್ಕಿಯ ಗುಡ್ಡ ಕಂಡಾಗ ಬಿಸಿಲು ಏರಿತ್ತು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದೆವು. ಅಲ್ಲಿನ ಟೇಬಲ್ಲುಗಳಿಗೆ ಹಾಸಿದ್ದು ನುಣುಪಾದ ಕಡಪಾ ಕಲ್ಲು. ಕ್ಯೂ ನೇರ ಇದೆಯೋ ಇಲ್ಲವೋ ನೋಡಲು ನನ್ನ ಸ್ನೂಕರ್ ಹಾಲ್‌ನಲ್ಲಿ ಇಂಥದೇ ಕಲ್ಲಿನ ಮೇಲೆ ಉರುಳಿಸುತ್ತೇವೆ. ನೇರ ಇದ್ದದ್ದು ಸದ್ದಿಲ್ಲದೆ ಹೋಗುತ್ತದೆ, ಸೊಟ್ಟ ಇದ್ದದ್ದು ಟಕ್ ಟಕ್ ಎಂದು ಕುಣಿಯುತ್ತದೆ. ಇದನ್ನು ಅಕ್ಕನಿಗೆ ಉತ್ಸಾಹದಿಂದ ವಿವರಿಸಿದೆ. ಅವಳು ಇನ್ನೊಂದು ಮಿರ್ಚಿ ತರಿಸಿದಳು.

ಚನ್ನಪ್ಪ ಎಂಬವರ ವರ್ಕ್‌ಶಾಪು ಹತ್ತಿ ಗಿರಣಿಯ ಬದಿಗಿತ್ತು. ಅವರಲ್ಲಿ ಮಾರಾಟಕ್ಕಿದ್ದದ್ದು ಉಳಿಯನ್ನು ಕೈಯಿಂದ ನಡೆಸುವ ಹಳೆಯ ಭಾರಿ ಲೇಥ್. ಮರ ಗಿರ್ರನೆ ತಿರುಗುತ್ತದೆ, ಉಳಿ ಹಿಡಿದ ಕೈ ಮೆಲ್ಲಗೆ ಸರಿಯುತ್ತದೆ. ಯಮನಪ್ಪನ ಒಂದು ಕೋಲು ಹಾಕಿದರು. ಬುಡದ ಕಡೆ ಚೆನ್ನಾಗಿಯೇ ಬಂತು. ತುದಿಗೆ ಹೋಗಿ ಬೆರಳಿನಷ್ಟು ತೆಳುವಾಗುವಾಗ ಕೋಲು ನಡುಗಲು ಹತ್ತಿತು, ಮೈಮೇಲೆ ಅಲೆ ಅಲೆಯಾಗಿ ಗೆರೆ ಬಿತ್ತು. ಉರುಳಿಸಿದರೆ ನೇರ ಇತ್ತು, ಆದರೆ ಮುಟ್ಟಿದರೆ ಅಂಗೈಗೆ ಹಿತವಿರಲಿಲ್ಲ.

"ಕೈ ಪಳಗಬೇಕ್ರೀ. ಒಂದು ಕೋಲಿನಂಗ ಇನ್ನೊಂದು ಬರಂಗಿಲ್ಲ, ಅದು ಮಾತ್ರ ಖರೆ," ಎಂದರು ಚನ್ನಪ್ಪ ಪ್ರಾಮಾಣಿಕವಾಗಿ. ಆ ಮಾತಿಗೆ ಅಕ್ಕ ತಲೆದೂಗಿದಳು. ಅವಳ ತಲೆದೂಗುವಿಕೆಯ ಅರ್ಥ ನನಗೆ ಗೊತ್ತು: ಬೇಡ.

ಮತ್ತೆ ಬಸ್ಸು, ಮತ್ತೆ ಧೂಳು. ಲಿಂಗಸುಗೂರಿನಲ್ಲಿ ಇಳಿದಾಗ ನೆತ್ತಿ ಸುಡುತ್ತಿತ್ತು. ಅಲ್ಲಿನ ವರ್ಕ್‌ಶಾಪಿನ ಖಾಸಿಂಸಾಬರು ಗಣಿ ಪಂಪುಗಳ ದಂಡ ಕೊರೆಯಲೆಂದು ತಂದಿದ್ದ ಸಿ.ಎನ್.ಸಿ. ಲೇಥನ್ನು, ಇನ್ನೂ ದೊಡ್ಡದು ಬರುತ್ತಿರುವುದರಿಂದ ಮಾರುವವರಿದ್ದರು. ಉದ್ದನೆಯ ಮೈ, ಬದಿಗೊಂದು ಹಸಿರು ಅಕ್ಷರದ ಪುಟ್ಟ ಪರದೆ. ಉಳಿ ಎಲ್ಲಿಂದ ಎಲ್ಲಿಗೆ, ಎಷ್ಟು ಆಳ ಹೋಗಬೇಕೆಂದು ಒಮ್ಮೆ ಅಂಕಿಗಳಲ್ಲಿ ಬರೆದುಕೊಟ್ಟರೆ ಸಾಕು. ನಡುವೆ ಕೋಲು ನಡುಗದಂತೆ ಹಿಡಿಯುವ ಹಿತ್ತಾಳೆಯ ಗಾಲಿಗಳು ಬೇರೆ. ನಾನು ಅದರ ಸುತ್ತ ಎಷ್ಟು ಸಲ ತಿರುಗಿದೆನೋ, ಹನುಮಪ್ಪನ ಗುಡಿಗೂ ಅಷ್ಟು ಪ್ರದಕ್ಷಿಣೆ ಹಾಕಿದವನಲ್ಲ.

"ಮೊದಲ ಯಾವ್ದರ ಕೆಲಸಕ್ಕ ಬಾರದ ಕಟಿಗಿ ಕೊಡ್ರಿ," ಎಂದರು ಖಾಸಿಂಸಾಬ. "ಅಂಕಿ ಹೆಚ್ಚು ಕಮ್ಮಿ ಆದ್ರ ಚಲೋ ಕಟಿಗಿ ಹಾಳಾಗತೈತಿ."

ನಾನು ಅಕ್ಕನ ಗೋರಿ ಹಿಡಿಯನ್ನು ಎತ್ತಿಕೊಟ್ಟೆ. "ಲೇ, ಅದು ನಂದು," ಎಂದು ಅವಳು ಅನ್ನುವಷ್ಟರಲ್ಲಿ ಅದು ತಿರುಗುತ್ತಿತ್ತು. ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿದ್ದ ಮೈ ಸುರುಳಿ ಸುರುಳಿಯಾಗಿ ಬಿಚ್ಚಿ ಬಿದ್ದು, ಒಳಗಿಂದ ಜೇನಿನ ಬಣ್ಣ ಎದ್ದಿತು. ಚಹಾ ಮುಗಿಯುವುದರೊಳಗೆ ಕ್ಯೂ ಕೈಯಲ್ಲಿತ್ತು. ಆಮೇಲೆ ಯಮನಪ್ಪನ ಎರಡನೇ ಕೋಲು ಹಾಕಿದರು. ಅದೂ ಹಾಗೆಯೇ, ಅವಳಿ ಮಗುವಿನ ಹಾಗೆ, ಹೊರಬಂತು. ನನಗೆ ಕೂಗಿಬಿಡಬೇಕು ಅನ್ನಿಸಿತು, ಕೂಗಿಯೂ ಬಿಟ್ಟೆ. ಯಮನಪ್ಪ ಎರಡನ್ನೂ ಕಣ್ಣಿಗೆ ಹಿಡಿದು, "ಫರಕ್ ಇಲ್ಲೋ ಮಾರಾಯ," ಎಂದು ನನ್ನ ಬೆನ್ನಿಗೆ ಗುದ್ದಿದ.

ಅಕ್ಕ ಮಾತ್ರ, "ನನ್ನ ಗೋರಿ ಹಿಡಿ ಹೋತು," ಎಂದು ಅದನ್ನು ಕಂಕುಳಲ್ಲಿ ಇಟ್ಟುಕೊಂಡಳು. ಆದರೂ ಖಾಸಿಂಸಾಬರಿಗೆ, "ಇದ ಮಂಜೂರ್ರೀ. ನಾಳೆ ಫೋನ್ ಮಾಡ್ತೀವಿ," ಎಂದಳು. ನನಗೆ ಇನ್ನೇನು ಬೇಕಿತ್ತು? ಮೂರು ಕ್ಯೂ ಹೊತ್ತು ಮರಳುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಮಷೀನಿಗೆ ಕುಂಕುಮ ಹಚ್ಚುವವರು ಯಾರು ಎನ್ನುವವರೆಗೆ ನಾನು ಯೋಚಿಸಿಯಾಗಿತ್ತು.

ಮಸ್ಕಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಅದೇ ಹೋಟೆಲು, ಅದೇ ಕಡಪಾ ಕಲ್ಲು. ಹೋಟೆಲಿನವನಿಗೂ ತೋರಿಸೋಣವೆಂದು ಮಷೀನಿನಲ್ಲಿ ಆದ ಯಮನಪ್ಪನ ಕ್ಯೂ ಉರುಳಿಸಿದೆ.

ಟಕ್. ಟಕ್. ಟಕ್.

ಮತ್ತೆ ಉರುಳಿಸಿದೆ. ನಡುವಿನಲ್ಲಿ ಕಿರುಬೆರಳು ತೂರುವಷ್ಟು ಸಂದು. ಲಿಂಗಸುಗೂರಿನಲ್ಲಿ ಬಾಣದಂತಿದ್ದದ್ದು ಮಸ್ಕಿಗೆ ಬರುವಷ್ಟರಲ್ಲಿ ಬಾಗಿತ್ತು.

"ಮಷೀನ ಹುಸಿ ಐತಿ," ಎಂದಳು ಅಕ್ಕ. ದನಿ ಏರಿಸಲಿಲ್ಲ, ಅದರಿಂದಲೇ ಹೆಚ್ಚು ಭಯವಾಯಿತು. "ಗೊಬ್ಬರದವಂಗ ಹ್ಞೂಂ ಅಂದುಬಿಡ್ತೀನಿ ತಮ್ಮಾ. ಸಿಟ್ಟಾಗಬ್ಯಾಡ."

ಅಳು ಬಂದದ್ದನ್ನು ಚಹಾದ ಜೊತೆ ನುಂಗಿದೆ. ಯಮನಪ್ಪ ಬೆಳಗಿನ ಕ್ಯೂ, ಚನ್ನಪ್ಪನವರ ಲೇಥಿನದು, ಕಲ್ಲಿನ ಮೇಲಿಟ್ಟ. ಅದೂ ಟಕ್ ಟಕ್. ಬೆಳಿಗ್ಗೆ ಇದೇ ಊರಿನಲ್ಲಿ ನೇರ ಇದ್ದದ್ದು ಈಗ ಇನ್ನೂ ಹೆಚ್ಚು ಬಾಗಿತ್ತು.

"ಅಕ್ಕಾರ, ಅದನ್ನೂ ಕೊಡ್ರಿ," ಎಂದು ಕೈ ಚಾಚಿದ.

ಅಕ್ಕ ಮನಸ್ಸಿಲ್ಲದ ಮನಸ್ಸಿನಿಂದ ಕಂಕುಳಿನ ಕೋಲು ಕೊಟ್ಟಳು. ಯಮನಪ್ಪ ಬಿಟ್ಟ. ಕಡಪಾ ಕಲ್ಲಿನ ಈ ತುದಿಯಿಂದ ಆ ತುದಿಗೆ ಅದು ಉರುಳಿ ಹೋದದ್ದು ಯಾರಿಗೂ ಕೇಳಲಿಲ್ಲ. ಹೋಟೆಲಿನವನು ಬೀಳುವ ಮೊದಲು ಹಿಡಿದ.

ಯಮನಪ್ಪ ಹಣೆ ಬಡಿದುಕೊಂಡ. "ಮಷೀನ ತಪ್ಪಲ್ರೀ, ನಂದು! ಬಂಡಿ ಕಟಿಗಿ ದಪ್ಪ ಇರತೈತಿ, ಒಳಗ ಹಸಿ ಇದ್ರೂ ನಡೀತೈತಿ. ಇದು ಬೆರಳಷ್ಟು ತೆಳ್ಳಗ. ಕೆರಿ ನೀರು ಇನ್ನೂ ಒಳಗ ಕುಂತೈತಿ. ಮ್ಯಾಲಿನ ಪದರ ತಗದ ಕೂಡ್ಲೆ ಒಳಗಿಂದು ಎಳದು ಬಗ್ಗಸೇತಿ. ನಿಮ್ಮ ಗೋರಿ ಹಿಡಿ ಎಷ್ಟು ವರ್ಷ ಬಿಸಲಾಗ ಇತ್ತರೀ?"

"ನಾ ಮದಿವ್ಯಾಗಿ ಬಂದಾಗಿಂದ," ಎಂದಳು ಅಕ್ಕ. ಆ ಕ್ಯೂವನ್ನು ಈಗ ಬೇರೆಯೇ ರೀತಿ ಹಿಡಿದು ನೋಡುತ್ತಿದ್ದಳು. ಕುದಿಸಿದ ಭತ್ತದ ಹಬೆಯಲ್ಲಿ, ಉರಿಬಿಸಿಲಿನ ಅಂಗಳದಲ್ಲಿ ಅವಳು ಗೋರಿ ಎಳೆದ ವರ್ಷಗಳೆಲ್ಲ ನನಗೂ ಒಮ್ಮೆಲೇ ನೆನಪಾದವು. ಆ ಮರ ಬಾಗುವುದೆಲ್ಲ ಬಾಗಿ, ಒಣಗುವುದೆಲ್ಲ ಒಣಗಿ ಮುಗಿದಿತ್ತು.

"ಇಂಥಾ ಕಟಿಗಿ ಇನ್ನ ಎಲ್ಲಿ ಸಿಗಬೇಕು? ಹೊಸಾದು ಒಣಗಸಾಕ ವರ್ಷಗಟ್ಲೆ ಬೇಕು," ಎಂದ ಯಮನಪ್ಪ. ಅಕ್ಕ ಸೆರಗಿನ ಬೀಗದ ಕೈ ಮುಟ್ಟಿ ನೋಡಿಕೊಂಡಳು. ಬಸ್ಸು ಬಂತು. ತನ್ನ ಊರು ಸಂತೆಕಲ್ಲೂರಿನ ಆಟೋ ಎದುರಿಗೇ ನಿಂತಿದ್ದರೂ ಯಮನಪ್ಪ ಹೋಗಲಿಲ್ಲ, ನಮ್ಮ ಜೊತೆಗೇ ಸಿಂಧನೂರಿಗೆ ಹತ್ತಿದ. ಇಷ್ಟು ದೂರ ಬಂದು ಕೊನೆ ಕಾಣದೆ ಹೋದರೆ ಉಂಡದ್ದು ಮೈಗೆ ಹತ್ತುವುದಿಲ್ಲವಂತೆ.

ಸಿಂಧನೂರಿನಲ್ಲಿ ಇಳಿದಾಗ ದೀಪ ಹಚ್ಚುವ ಹೊತ್ತು. ಅಕ್ಕ ಮನೆಯ ಕಡೆ ತಿರುಗಲಿಲ್ಲ. ನೇರ ಮಿಲ್ಲಿಗೆ ನಡೆದು, ಸೆರಗಿನ ಬೀಗದ ಕೈ ಬಿಚ್ಚಿ, ಶೆಡ್ಡಿನ ತಗಡಿನ ಬಾಗಿಲು ತಳ್ಳಿದಳು. ಒಳಗಿನ ಗೋಡೆಗೆ ಒರಗಿ ನಿಂತಿದ್ದವು, ಮಿಲ್ಲು ಮುಚ್ಚಿದ ದಿನ ಇಟ್ಟ ಹಾಗೆಯೇ, ಸಾಲು ಸಾಲು ಗೋರಿಗಳು. ಹತ್ತಾರು ಹೆಣ್ಣಾಳುಗಳು ಒಟ್ಟಿಗೆ ಭತ್ತ ಎಳೆಯುತ್ತಿದ್ದ ಕಾಲದವು. ಶೆಡ್ಡು ಖಾಲಿ ಮಾಡುವಾಗ ಒಲೆಗೆ ಹಾಕಬೇಕೆಂದು ಅವಳೇ ಮೊನ್ನೆ ಹೇಳಿದ್ದಳು.

ಯಮನಪ್ಪ ಒಂದನ್ನು ಎತ್ತಿ ಕಣ್ಣಿಗೆ ಹಿಡಿದ. ಇನ್ನೊಂದನ್ನು ಹಿಡಿದ. ಆಮೇಲೆ ಚಿಕ್ಕ ಹುಡುಗನಂತೆ ಕೇಕೆ ಹಾಕಿದ. ನಾನೂ ಹಾಕಿದೆ.

ಅಕ್ಕ ತನ್ನ ಕ್ಯೂವನ್ನು ಅದರ ಹಳೆಯ ಸಾಲಿನಲ್ಲೇ, ಖಾಲಿ ಬಿಟ್ಟಿದ್ದ ಜಾಗದಲ್ಲಿ ಒರಗಿಸಿಟ್ಟಳು. ಸ್ವಲ್ಪ ಹಿಂದೆ ಸರಿದು ನೋಡಿದಳು.

"ಮುಂಜಾನಿ ಗೊಬ್ಬರದವ ಬಂದ್ರ ನೀನ ಹೇಳು," ಎಂದಳು. "ಶೆಡ್ಡನ್ಯಾಗ ಜಾಗಾ ಇಲ್ಲಂತ."