ಮುರುಗೆಪ್ಪ ಹೇಳಿದ ಮುನ್ನೂರು ಗುಂಡು

ಮುರುಗೆಪ್ಪನ ತಂದೆ ಬ್ಯಾಡಗಿಯಿಂದ ಬಂದು ಚೆನ್ನೈನ ಸೌಕಾರ್‌ಪೇಟೆಯಲ್ಲಿ ಮೆಣಸಿನಕಾಯಿ ಸಗಟು ವ್ಯಾಪಾರಕ್ಕೆ ಕೂತವರು. ಮಗನಿಗೆ ಆ ಘಾಟು ಒಗ್ಗಲೇ ಇಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕೂತ ಹತ್ತು ನಿಮಿಷಕ್ಕೆ ಸೀನು ಶುರುವಾದರೆ ಮಧ್ಯಾಹ್ನದವರೆಗೆ ನಿಲ್ಲುತ್ತಿರಲಿಲ್ಲ. ಹಾಗಾಗಿ ಹತ್ತೊಂಬತ್ತನೇ ವಯಸ್ಸಿನಲ್ಲಿ ಬಂದೂಕು ರಿಪೇರಿಯ ಒಬ್ಬ ಮುದುಕನ ಬಳಿ ಲೇತ್ ಕೆಲಸ ಕಲಿಯಲು ಹೋದ. ಅರವತ್ತೇಳು ತುಂಬಿದರೂ ಅದೇ ಕೆಲಸದಲ್ಲಿದ್ದ. ತಾಂಬರಂ ಆಚೆಯ ರೈಫಲ್ ಕ್ಲಬ್ಬಿನಲ್ಲಿ ಅವನ ಮಾತೇ ಕೊನೆಯ ಮಾತು. ದೂರದ ಗುರಿಗೆ ಹೊಡೆಯುವವರೆಲ್ಲ ಪಂದ್ಯಕ್ಕೆ ಮುಂಚೆ ತಮ್ಮ ರೈಫಲನ್ನು ಅವನ ಮೇಜಿನ ಮೇಲಿಟ್ಟು, ಅವನು ತಲೆಯಾಡಿಸುವವರೆಗೆ ಕಾಯುತ್ತಿದ್ದರು.

ಅವನು ನೋಡುತ್ತಿದ್ದದ್ದು ಬ್ಯಾರಲ್ಲಿನ ಸವೆತವನ್ನು. ಆ ನಳಿಗೆಯ ಒಳಗೋಡೆಯಲ್ಲಿ ಸುರುಳಿ ಗೆರೆಗಳಿರುತ್ತವೆ. ಗುಂಡನ್ನು ತಿರುಗಿಸಿ ನೇರ ಕಳಿಸುವುದು ಅವೇ. ಪ್ರತಿ ಸಲ ಗುಂಡು ಹಾರಿದಾಗಲೂ ಆ ಗೆರೆಗಳು ಶುರುವಾಗುವ ಜಾಗಕ್ಕೆ ಬೆಂಕಿಯ ನಾಲಿಗೆ ತಗಲುತ್ತದೆ. ಉಕ್ಕು ಒಣಗಿದ ಕೆರೆಯಂಗಳದ ಹಾಗೆ ಬಿರಿಯುತ್ತದೆ, ಗೆರೆಗಳ ಅಂಚು ಸುಟ್ಟು ಹೋಗುತ್ತದೆ. ಮುನ್ನೂರು ಮೀಟರಿನ ನಾಜೂಕು ರೈಫಲ್ಲುಗಳಿಗೆ ಎರಡೂವರೆ, ಹೆಚ್ಚೆಂದರೆ ಮೂರು ಸಾವಿರ ಗುಂಡಿನ ಆಯಸ್ಸು. ಆಮೇಲೂ ಬ್ಯಾರಲ್ ಹೊಡೆಯುತ್ತಲೇ ಇರುತ್ತದೆ, ಆದರೆ ಹತ್ತರಲ್ಲಿ ಒಂದನ್ನು ಎಲ್ಲಿಗೋ ಎಸೆಯುತ್ತದೆ. ಹೊಡೆದವರಿಗೆ ತಮ್ಮದೇ ತಪ್ಪು ಎನಿಸುತ್ತದೆ.

ಗುಣವತಿ ಚಾಮರಾಜನಗರದ ಕಡೆಯವಳು. ಅಣ್ಣಾ ನಗರದಲ್ಲಿ ಮನೆ, ಕಾಲೇಜೊಂದರಲ್ಲಿ ಗಣಿತದ ಪಾಠ. ಹನ್ನೆರಡು ವರ್ಷದಿಂದ ಅವಳ ರೈಫಲನ್ನು ಮುರುಗೆಪ್ಪನಲ್ಲದೆ ಬೇರೆ ಯಾರೂ ಬಿಚ್ಚಿದ್ದಿಲ್ಲ. ಅವಳಿಗೆ ನಲವತ್ತೊಂದಾಗಿತ್ತು. ಕುತ್ತಿಗೆಯ ಮೂಳೆ ಸವೆದಿದೆ, ಈ ವರ್ಷ ಮುಗಿದ ಮೇಲೆ ಮಲಗಿ ಗುರಿ ಹಿಡಿಯುವುದು ಸಾಕು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಫೆಬ್ರವರಿಯ ಆಯ್ಕೆ ಪಂದ್ಯದಲ್ಲಿ ಗೆದ್ದರೆ ಹೊರದೇಶಕ್ಕೆ ಹೋಗುವ ತಂಡದಲ್ಲಿ ಜಾಗ. ಅದೊಂದು ಬಾಕಿ ಇತ್ತು.

ಪಂದ್ಯಕ್ಕೆ ಇಪ್ಪತ್ತು ದಿನ ಇರುವಾಗ ಅವಳು ರೈಫಲ್ ತಂದಳು.

"ಕಾಕಾ, ಎರಡು ಸಾವಿರದ ಆರ್ನೂರು ದಾಟಿದೆ. ಮೊನ್ನೆ ಒಂದೆರಡು ಗುಂಡು ಯಾಕೋ ಆಚೆ ಹೋದ್ವು. ಒಂಚೂರು ನೋಡಿ ಹೇಳಿ. ಬದಲಾಯಿಸ್ಬೇಕು ಅಂದ್ರೆ ಈಗ್ಲೇ ಬದಲಾಯಿಸ್ಬಿಡೋಣ."

ಮುರುಗೆಪ್ಪ ತುದಿಯಲ್ಲಿ ಕನ್ನಡಿಯಿದ್ದ ಸಣ್ಣ ಕೊಳವೆಯನ್ನು ನಳಿಗೆಯೊಳಗೆ ತೂರಿಸಿ ಕಣ್ಣಿಟ್ಟ. ಬೂದಿ ಬಣ್ಣದ ಮಂಜು ಕಂಡಿತು, ಅಷ್ಟೇ. ಅದು ಉಕ್ಕು ಸುಟ್ಟ ಗುರುತೋ, ತನ್ನ ಕಣ್ಣಿನದೋ ತಿಳಿಯಲಿಲ್ಲ. ಎರಡು ವರ್ಷದ ಹಿಂದೆಯೇ ಕಣ್ಣಿನ ಡಾಕ್ಟರು ಗ್ಲಾಕೋಮಾ ಎಂದಿದ್ದರು. ಬಲಗಣ್ಣು ಮುಕ್ಕಾಲು ಹೋಗಿತ್ತು, ಎಡಗಣ್ಣೂ ಅದರ ಹಿಂದೆಯೇ ಹೊರಟಿತ್ತು. ದಿನಾ ಎರಡು ಹೊತ್ತು ಔಷಧಿ ಹನಿ ಹಾಕುತ್ತಿದ್ದ ಹೆಂಡತಿ ಜಯದೇವಿಯನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಕಣ್ಣಿನ ಹಂಗಿಲ್ಲದ ದಾರಿಯೂ ಇತ್ತು. ಬೇಗ ಕರಗುವ ಒಂದು ಲೋಹವನ್ನು ನಳಿಗೆಯ ಬುಡಕ್ಕೆ ಹುಯ್ದು ಅಚ್ಚು ತೆಗೆದರೆ ಸವೆತ ಬೆರಳಿಗೇ ತಿಳಿಯುತ್ತದೆ. ಅನುಮಾನ ಬಂದಾಗಲೆಲ್ಲ ಹಾಗೇ ಮಾಡುತ್ತಿದ್ದವನು ಅವತ್ತು ಮಾಡಲಿಲ್ಲ. ಕ್ಲಬ್ಬಿನ ಕಪಾಟಿನಲ್ಲಿ, ಅವಳ ರೈಫಲಿಗೆಂದೇ ತರಿಸಿಟ್ಟ ಹೊಸ ಬ್ಯಾರಲ್ ಎಣ್ಣೆ ಕಾಗದ ಸುತ್ತಿಕೊಂಡು ಮಲಗಿತ್ತು. ಹಳೆಯದು ಸವೆದಿದೆ ಎಂದರೆ ಹೊಸದನ್ನು ಲೇತಿಗೆ ಕಟ್ಟಿ, ಕೂದಲೆಳೆಯ ಹತ್ತನೇ ಪಾಲೂ ತಪ್ಪದಂತೆ ಕೊರೆದು ಕೂರಿಸಬೇಕು. ಹಿಂದಿನ ತಿಂಗಳು ಬೇರೊಂದು ಉಕ್ಕಿನ ತುಂಡಿನ ಮೇಲೆ ತನ್ನ ಕೈ ಪರೀಕ್ಷಿಸಿಕೊಳ್ಳಲು ಹೋಗಿ ಕೆಡಿಸಿ, ಅದನ್ನು ಯಾರೂ ಕಾಣದಂತೆ ಗುಜರಿಯ ಅಡಿಗೆ ತಳ್ಳಿದ್ದ.

"ಇನ್ನೂ ಮುನ್ನೂರು ಗುಂಡಿಗೆ ಮೋಸ ಇಲ್ಲ, ತಂಗಿ," ಎಂದ. "ಪರವಾಯಿಲ್ಲ, ಇದರಾಗ ಹೊಡಿ."

ಅವಳ ಮುಖ ಅರಳಿತು. ಪಳಗಿದ ಬ್ಯಾರಲ್ಲೇ ಉಳಿಯಿತಲ್ಲ ಎಂಬ ಸಮಾಧಾನ ಅವಳಿಗೆ.

ಪಂದ್ಯದ ಬೆಳಿಗ್ಗೆ ಗಾಳಿ ಇರಲಿಲ್ಲ. ಅರವತ್ತು ಗುಂಡಿನಲ್ಲಿ ಮೊದಲ ಮೂವತ್ತೆಂಟು ಅವಳು ಅಂದುಕೊಂಡಲ್ಲೇ ಬಿದ್ದವು. ಬ್ಯಾರಲ್ ಕಾದ ಮೇಲೆ ಒಂದು ಗುಂಡು ಹತ್ತರ ವೃತ್ತ ಬಿಟ್ಟು ಎಂಟಕ್ಕೆ ಹೋಯಿತು. ಅವಳು ಗಾಳಿಯ ಬಾವುಟ ನೋಡಿದಳು, ಕುತ್ತಿಗೆ ಸರಿಸಿಕೊಂಡಳು, ಮತ್ತೆ ಹೊಡೆದಳು. ಐದು ಸರಿಯಾಗಿ ಬಿದ್ದು ಆರನೆಯದು ಮತ್ತೆ ಆಚೆ. ಹಿಂದಿನ ಬೆಂಚಿನಲ್ಲಿದ್ದ ಮುರುಗೆಪ್ಪನಿಗೆ ಪರದೆಯ ಮೇಲಿನ ಅಂಕ ಕಾಣುತ್ತಿರಲಿಲ್ಲ. ಅವಳ ಹೆಗಲು ಬಿಗಿಯುವುದು ಕಾಣುತ್ತಿತ್ತು.

ಎರಡು ಅಂಕದಲ್ಲಿ ತಂಡದ ಜಾಗ ತಪ್ಪಿತು.

"ನನ್ ಕುತ್ತಿಗೆನೇ ಕೈ ಕೊಡ್ತು ಕಾಕಾ," ಎಂದಳು, ಕೋಟಿನ ಬಕಲು ಬಿಚ್ಚುತ್ತಾ. "ನೀವು ಇಷ್ಟು ಚೆನ್ನಾಗಿ ಇಟ್ಕೊಟ್ರೂ ನಾನೇ ಹಾಳ್ ಮಾಡ್ಕೊಂಡೆ." ರೈಫಲನ್ನು ಸ್ವಚ್ಛ ಮಾಡಿಡಿ ಎಂದು ಕೊಟ್ಟು ಅವಳು ಹೋದಳು.

ಐದನೆಯ ದಿನ ಅವನು ಲೋಹ ಕರಗಿಸಿ ಅಚ್ಚು ತೆಗೆದ. ಉಗುರಿನಿಂದ ಸವರಿದ. ಗೆರೆಗಳು ಶುರುವಾಗಬೇಕಾದ ಕಡೆ ಬರೀ ನುಣುಪು. ಎಷ್ಟೋ ಮುಂದೆ ಹೋದ ಮೇಲೆ ಒಂದಿಷ್ಟು ತರಿ ತಗಲಿತು. ಮತ್ತೆ ಸವರಿದ, ಕುಳಿತಲ್ಲೇ ಕುಳಿತ.

ಮನೆಗೆ ಬಂದು ಹೆಂಡತಿಗೆ ಹೇಳಿದ. ಜಯದೇವಿ ಔಷಧಿಯ ಸೀಸೆ ಹಿಡಿದು ನಿಂತೇ ಕೇಳಿದಳು.

"ಆಕಿಗೆ ಗೊತ್ತಾಗಂಗಿಲ್ಲಲ್ರೀ. ಸುಮ್ನ ಇರ್ರಿ."

"ಗೊತ್ತಾಗಂಗಿಲ್ಲ, ಅದಕ್ಕ ಹೋಗಬೇಕು."

ಮರುದಿನ ಮೆಟ್ರೋ ಹಿಡಿದು ಅಣ್ಣಾ ನಗರಕ್ಕೆ ಹೋದ. ಗುಣವತಿ ಕಾಫಿ ತಂದಿಟ್ಟಳು. ಅವನು ಅದನ್ನು ಮುಟ್ಟದೆ ಅಚ್ಚನ್ನು ಅವಳ ಅಂಗೈಗೆ ಹಾಕಿದ.

"ಬ್ಯಾರಲ್ ಸತ್ತಿತ್ತು, ತಂಗಿ. ನಿನ್ನ ಕುತ್ತಿಗಿ ಏನೂ ಮಾಡಿಲ್ಲ. ನನಗ ಕಣ್ಣು ಕಾಣಂಗಿಲ್ಲ, ಎರಡು ವರ್ಷ ಆತು."

ಅವಳು ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ಕಾಣ್ಲಿಲ್ಲ ಅಂತ ಅವತ್ತೇ ಹೇಳ್ಬಹುದಿತ್ತಲ್ಲ? ಹೊಸ ಬ್ಯಾರಲ್ ಕಪಾಟಲ್ಲೇ ಇತ್ತು."

"ಇತ್ತು. ಹೇಳಿದ್ರ ಅದನ್ನ ನಾನೇ ಕೂರಿಸಬೇಕಿತ್ತು. ಲೇತ್ ಮುಂದ ನಿಲ್ಲಾಕ ಅಂಜಿಕಿ ಬಂತು. ಎಲ್ಲಾರಿಗೂ ತಿಳೀತದ ಅಂತ."

"ಬೇರೆ ಯಾರ ಕೈಲಾದ್ರೂ ಮಾಡಿಸ್ತಿದ್ದೆ."

"ಹೂಂ. ಅದೂ ನನಗ ಬ್ಯಾಡಾಗಿತ್ತು."

ಕಾಫಿಗೆ ಕೆನೆ ಕಟ್ಟಿತು.

"ಆರು ದಿನದಿಂದ ಕನ್ನಡಿ ಮುಂದೆ ನಿಂತು ನನ್ನನ್ನೇ ಬೈಕೊಂಡಿದೀನಿ," ಎಂದಳು ಕೊನೆಗೆ. "ಬೈಬೇಕು ಅಂದ್ರೆ ಈಗ ನಿಮ್ಮನ್ನ ಬೈಬೇಕು. ಬಾಯಿ ಬರ್ತಿಲ್ಲ. ನೀವು ಹೊರಡಿ."

ಅವನು ಎದ್ದು ಚಪ್ಪಲಿ ತಡಕಾಡಿದ. ಅವಳು ಬಗ್ಗಿ, ಎರಡನ್ನೂ ಅವನ ಕಾಲ ಬಳಿ ಸರಿಸಿಟ್ಟು ಒಳಗೆ ಹೋದಳು.

ಅದೇ ವಾರ ಕ್ಲಬ್ಬಿನ ಸಮಿತಿಯ ಮುಂದೆ ನಿಂತು ಎಲ್ಲವನ್ನೂ ಹೇಳಿ, ಕಪಾಟಿನ ಬೀಗದ ಕೈ ಕೊಟ್ಟುಬಂದ. ಆಯ್ಕೆ ಆಗಿಹೋಗಿತ್ತು, ಯಾರೂ ಅದನ್ನು ಬದಲಿಸುವಂತಿರಲಿಲ್ಲ. ಹೊಸ ಬ್ಯಾರಲನ್ನು ಕೊಯಮತ್ತೂರಿನ ಒಬ್ಬರು ಕೂರಿಸಿದರೆಂದೂ, ಗುಣವತಿ ಹತ್ತು ಗುಂಡು ಹೊಡೆದು ಕುತ್ತಿಗೆ ಹಿಡಿದುಕೊಂಡು ಎದ್ದಳೆಂದೂ, ರೈಫಲನ್ನು ಕ್ಲಬ್ಬಿಗೇ ಬಿಟ್ಟಳೆಂದೂ ಆಮೇಲೆ ಕಿವಿಗೆ ಬಿತ್ತು. ಅವಳಿಂದ ಫೋನು ಬರಲಿಲ್ಲ. ಇವನೂ ಮಾಡಲಿಲ್ಲ.

ಸೆಪ್ಟೆಂಬರಿನಲ್ಲಿ ಹೊರದೇಶದ ಪಂದ್ಯ ನಡೆಯಿತು. ತಮಿಳು ಪೇಪರಿನ ಕೊನೆಯ ಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಇತ್ತು. ಜಯದೇವಿ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಗುಣವತಿಯ ಜಾಗದಲ್ಲಿ ಹೋದ ಹುಡುಗಿಗೆ ಹದಿನಾಲ್ಕನೇ ಸ್ಥಾನ.

"ಮೂರನೇ ಪದಕ ತಗೊಂಡಾಕಿ ಎಷ್ಟು ಹೊಡದಾಳ?"

ಜಯದೇವಿ ಅಂಕ ಓದಿದಳು. ಹಿಂದಿನ ಡಿಸೆಂಬರಿನಲ್ಲಿ ಗುಣವತಿ ಅಭ್ಯಾಸದಲ್ಲಿ ಎರಡು ಸಲ ಅದಕ್ಕಿಂತ ಹೆಚ್ಚು ಹೊಡೆದಿದ್ದಳು. ಅವಳು ಅಂಕ ಓದಿ ಹೇಳುವಾಗ ಮುರುಗೆಪ್ಪ ಹಿಂದೆಯೇ ಕೂತಿದ್ದ.

"ಇನ್ನೊಮ್ಮೆ ಓದು."

ಅವಳು ಅದೇ ಅಂಕವನ್ನು ಇನ್ನೊಮ್ಮೆ ಓದಿದಳು.