ಖಾಲಿ ಹೋದ ರಸ್ತೆ

ಆ ದಿನದ ಬಗ್ಗೆ ಹೇಳುವಾಗಲೆಲ್ಲ ನನಗೆ ಕ್ರಮ ತಪ್ಪುತ್ತದೆ. ಕೊನೆಗೆ ಕಂಡದ್ದು ಮೊದಲು ಬಾಯಿಗೆ ಬಂದುಬಿಡುತ್ತದೆ: ಕಡಿದು ನಿಂತ ಡಾಂಬರು, ಅದರಾಚೆಗೆ ಬರೀ ಮಂಜು. ಆದ್ದರಿಂದ ಈ ಸಲ ಮನೆಯಿಂದ ಶುರುಮಾಡುತ್ತೇನೆ. ಎಲ್ಲಕ್ಕೂ ಕಾರಣವಾದ ‘ಖಾಲಿ’ ಎಂಬ ಶಬ್ದ ಮೊದಲು ಬಂದದ್ದು ನಮ್ಮ ಮನೆಯ ಬಾಗಿಲಿಗೇ.

ಮದುವೆಯಾಗಿ ಧಾರವಾಡದ ಕಡೆಯಿಂದ ಪುಣೆಗೆ ಬಂದಾಗ ನನಗೆ ಮರಾಠಿ ಬರುತ್ತಿರಲಿಲ್ಲ. ನಿಗಡಿಯಲ್ಲಿ ಮೂರನೆಯ ಮಹಡಿಯ ಮನೆ. ಬೇಸಿಗೆಯಲ್ಲಿ ನಳದ ನೀರು ಅಷ್ಟು ಮೇಲೆ ಏರುತ್ತಿರಲಿಲ್ಲ. ಒಂದು ಬೆಳಿಗ್ಗೆ ಎದುರುಮನೆಯ ಅಜ್ಜಿ ಬಾಗಿಲಿಗೆ ಬಂದು ‘ಪಾಣಿ ಖಾಲಿ ಆಲಂಯ’ ಎಂದು ಹೇಳಿ, ಕೊಡ ಹಿಡಿದು ಇಳಿದುಹೋದರು. ನೀರು ಖಾಲಿಯಾಗಿದೆ ಎಂದುಕೊಂಡು ನಾನು ಇದ್ದ ಒಂದು ಬಕೆಟ್ ನೀರನ್ನು ಮುಚ್ಚಿಟ್ಟು ಕುಳಿತೆ. ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ. ನೀರು ಅಂಗಳದ ನಳಕ್ಕೆ ಬಂದಿತ್ತು. ಇಡೀ ಕಟ್ಟಡ ತುಂಬಿಕೊಂಡಿತು, ನಮ್ಮ ಮನೆಯೊಂದನ್ನು ಬಿಟ್ಟು.

ಈ ಕಥೆಯನ್ನು ನನ್ನ ಗಂಡ ಬಂದವರಿಗೆಲ್ಲ ಹೇಳುತ್ತಿದ್ದರು. “ಗಂಗಾಮಾಯಿನs ಬಾಗಲಿಗೆ ಬಂದು ಕರದ್ಲು, ನಮ್ಮಾಕಿ ನೀರಿಲ್ಲ ಅಂತ ಕದಾ ಹಾಕಿದ್ಲು” ಎಂದು ಅವರು ಮುಗಿಸುವಷ್ಟರಲ್ಲಿ ಚಹಾದ ಕಪ್ಪು ಹಿಡಿದವರು ನಗುತ್ತ ಕಪ್ಪನ್ನು ಕೆಳಗಿಡುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಒಂದಾಯಿತು. ಅಷ್ಟು ಸಲ ಕೇಳಿಸಿಕೊಂಡ ಮೇಲೆ ಆ ಶಬ್ದ ಕಿವಿಗೆ ಬಿದ್ದ ಕೂಡಲೇ ನಾನು ಮೊದಲು ಕೆಳಗೆ ನೋಡುತ್ತಿದ್ದೆ. ಬರಿದು ಎಂಬ ಅರ್ಥ ನನಗೆ ಆಮೇಲೆ ಹೊಳೆಯುತ್ತಿತ್ತು.

ಅವರು ಭೋಸರಿಯ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ನನಗಿಂತ ಎಷ್ಟೋ ವರ್ಷ ಮೊದಲೇ ಪುಣೆಗೆ ಬಂದವರು. ಅವರ ಮರಾಠಿ ಕೇಳಿದವರು ಕೊಲ್ಹಾಪುರದವರೇನೋ ಎಂದುಕೊಳ್ಳುತ್ತಿದ್ದರು. ಗುರುವಾರ ವಾರದ ರಜೆ. ಅವತ್ತು ಅವರಿಗೆ ಸೈಕಲ್ ಬೇಕು, ಗುಡ್ಡ ಬೇಕು. ಮದುವೆಯಾದ ಎರಡನೆಯ ವರ್ಷ ನನಗೂ ಒಂದು ಸೈಕಲ್ ತಂದರು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದೆ. ಚೈನಿಗೆ ಸಿಕ್ಕದಂತೆ ಹಿಮ್ಮಡಿಯ ಹತ್ತಿರ ಬಿಗಿ ಹಿಡಿದು ನನಗೊಂದು ಸಲವಾರ್ ಹೊಲಿದುಕೊಂಡೆ. ದೇಹೂ ರಸ್ತೆ ದಾಟಿ, ಕಾಮಶೇತಿನಲ್ಲಿ ಎಡಕ್ಕೆ ಹೊರಳಿ, ಭತ್ತದ ಗದ್ದೆಗಳ ನಡುವೆ ಪವನಾ ಅಣೆಕಟ್ಟಿನ ಹಿನ್ನೀರಿಗೆ ಹೋಗುವುದು ನಮ್ಮ ಮಾಮೂಲಿ ದಾರಿಯಾಯಿತು. ದಂಡೆಯಲ್ಲಿ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದು ವಾಪಸು.

ಅವರು ಮುಂದೆ, ನಾನು ಹಿಂದೆ. ನನ್ನ ತವರಿನಲ್ಲಿ ಗಂಡನ ಹೆಸರು ಹಿಡಿದು ಕರೆದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಿದ್ದರು. ಮದುವೆಯ ದಿನ ಒಡಪಿನ ಸಾಲುಗಳಲ್ಲಿ ಕಟ್ಟಿ ಅವರ ಹೆಸರು ಹೇಳಿದ್ದೇ, ಆಮೇಲೆ ಹೇಳಿರಲಿಲ್ಲ. ನೀರು ಬೇಕಾದರೂ ‘ರೀ’, ಮರದ ಮೇಲೆ ಮಂಗಟ್ಟೆ ಹಕ್ಕಿ ಕಂಡರೂ ‘ರೀ’, ಸುಸ್ತಾದರೂ ‘ರೀ’. ಅವರು ತಿರುಗಿ ನೋಡದೆ ಎಡಗೈ ಎತ್ತಿ ಬೀಸಿ ಮುಂದೆ ಹೋಗುತ್ತಿದ್ದರು. ಕೇಳಿಸಿತು, ಬಾ ಎಂದು ಅದರ ಅರ್ಥ.

ತೊಂಬತ್ತರ ದಶಕದ ಕೊನೆಯ ಒಂದು ಶ್ರಾವಣ. ಆ ಗುರುವಾರ ಅವರು ಹಿನ್ನೀರಿನಲ್ಲಿ ನಿಲ್ಲದೆ, ಗುಡ್ಡ ದಾಟಿ ಆಚೆ ಕಣಿವೆಗೆ ಇಳಿದು ಪೌಡ್ ಕಡೆಯಿಂದ ಸುತ್ತಿಕೊಂಡು ಮನೆಗೆ ಹೋಗೋಣ ಎಂದರು. ಆ ಸಣ್ಣ ರಸ್ತೆಯಲ್ಲಿ ನಾವು ಮೊದಲು ಹೋಗಿರಲಿಲ್ಲ. ಮೂರು ದಿನ ಸುರಿದ ಮಳೆ ಬೆಳಿಗ್ಗೆ ನಿಂತಿತ್ತು. ಏರು ಕಾಡಿನೊಳಗಿಂದ ಹೋಗುತ್ತಿತ್ತು. ಎರಡೂ ಕಡೆ ತೊರೆಗಳ ಸದ್ದು. ಹಿಂದಕ್ಕೆ ತಿರುಗಿದರೆ ಹಿನ್ನೀರು ಆಗಾಗ ತುಂಡಾಗಿ ಕಾಣುತ್ತಿತ್ತು, ಆಮೇಲೆ ಮಂಜಿನಲ್ಲಿ ಅದೂ ಹೋಯಿತು. ನಾನು ಸೈಕಲ್ ಇಳಿದು ತಳ್ಳುತ್ತಿದ್ದೆ. ಅವರು ತುಳಿದುಕೊಂಡೇ ಹೋಗಿ ಕಣ್ಮರೆಯಾದರು. ನೆತ್ತಿಯಲ್ಲಿ ಕಾಯುತ್ತಾರೆ ಎಂದುಕೊಂಡಿದ್ದೆ.

ನೆತ್ತಿಯಲ್ಲಿ ಅವರಿರಲಿಲ್ಲ. ಪ್ಲಾಸ್ಟಿಕ್ ಹಾಳೆ ಹೊದ್ದ ಹೆಂಗಸೊಬ್ಬಳು ಹುಲ್ಲಿನ ಹೊರೆ ಇಳಿಸಿ ಕಲ್ಲಿನ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ಮುಂದೆ ಹೋದವರು ನಿನ್ನವರೇನು ಎಂದು ಮರಾಠಿಯಲ್ಲಿ ಕೇಳಿದಳು. ಹೌದೆಂದೆ. ತಾನು ಅವರಿಗೆ ಹೇಳಿದೆ, ಅವರು ‘ಬರಂ ಝಾಲಂ’ ಅಂದು ನಕ್ಕು ಹೋದರು ಎಂದಳು. ಬರಂ ಝಾಲಂ ಎಂದರೆ ಒಳ್ಳೆಯದಾಯಿತು. ಏನು ಹೇಳಿದಿರಿ ಎಂದೆ.

“ರಸ್ತಾ ಖಾಲಿ ಗೇಲಾಯ, ಬಾಯಿ,” ಎಂದಳು.

ನಾನು ನೆಲ ನೋಡಿದೆ. ಆ ಒಂದು ಕ್ಷಣದಲ್ಲಿ ನನಗೆ ಎರಡೂ ಕೇಳಿಸಿದವು: ಆಕೆ ಹೇಳಿದ್ದೂ, ಅವರು ಕೇಳಿಸಿಕೊಂಡದ್ದೂ. ರಸ್ತೆ ಕೆಳಗೆ ಹೋಗಿದೆ, ಕುಸಿದಿದೆ ಎಂದು ಆಕೆ ಹೇಳಿದ್ದಳು. ರಸ್ತೆ ಖಾಲಿ ಇದೆ, ಗಾಡಿಗಳಿಲ್ಲ ಎಂದು ಅವರು ಕೇಳಿಸಿಕೊಂಡಿದ್ದರು. ಇಲ್ಲದಿದ್ದರೆ ಯಾರು ನಗುತ್ತಾರೆ? ಮುಂದೆ ಮರಳಿನ ಟ್ರಕ್ಕುಗಳೇನಾದರೂ ಏರಿಬರುತ್ತಿವೆಯೇ ಎಂದು ಅವರು ಕೇಳಿದ್ದರಂತೆ. ಅದು ನನಗೆ ಆಮೇಲೆ ತಿಳಿಯಿತು. ಟ್ರಕ್ಕಿನ ಪ್ರಶ್ನೆಗೆ ಖಾಲಿ ಎಂಬ ಉತ್ತರ ಎಷ್ಟು ಸರಿಯಾಗಿ ಕೂತಿತ್ತು.

ನಾನು ಸೈಕಲ್ ಬಿಟ್ಟು ಓಡಿದೆ. ಸೈಕಲ್ ಯಾಕೆ ಹತ್ತಲಿಲ್ಲ ಎಂದು ಆಮೇಲೆ ಯಾರೋ ಕೇಳಿದರು. ಒದ್ದೆ ರಿಮ್ಮಿಗೆ ಬ್ರೇಕ್ ಹಿಡಿಯುವುದಿಲ್ಲ ಎಂಬುದು ಆಗ ನೆನಪಾಗಿತ್ತೋ, ಸೈಕಲ್ಲೇ ಮರೆತುಹೋಗಿತ್ತೋ ಹೇಳಲಾರೆ. “ರೀ, ನಿಂದರ್ರಿ” ಎಂದು ಕೂಗಿದೆ. ಮತ್ತೆ ಕೂಗಿದೆ. ತಿರುವು ದಾಟಿದ ಮೇಲೆ ಕೆಳಗಿನ ಸುತ್ತಿನಲ್ಲಿ, ಮಂಜು ಒಮ್ಮೆ ಸರಿದಾಗ, ಅವರ ನೀಲಿ ರೇನ್‌ಕೋಟಿನ ಬೆನ್ನು ಕಂಡಿತು. ಇಳಿಜಾರಿಗೆ ಬಿಟ್ಟುಕೊಂಡು ಹೋಗುತ್ತಿದ್ದರು. ನನ್ನ ಕೂಗು ಮುಟ್ಟಿತ್ತು. ಯಾಕೆಂದರೆ ಅವರು ತಿರುಗಿ ನೋಡದೆ ಎಡಗೈ ಎತ್ತಿ ಬೀಸಿದರು.

ಆ ಕೈ ನನಗೆ ಈಗಲೂ ಕಾಣುತ್ತದೆ. ಕೇಳಿಸಿತು, ಬಾ.

ಆಗ ನಾನು ಅವರ ಹೆಸರು ಹಿಡಿದು ಕೂಗಿದೆ. ಯೋಚಿಸಿ ಕೂಗಿದ್ದಲ್ಲ. ಬಾಯಿಂದ ಬಂದ ದನಿ ನನ್ನದೆಂದು ನನಗೇ ಅನ್ನಿಸಲಿಲ್ಲ. ಅಷ್ಟರಲ್ಲಿ ಮಂಜು ಮುಚ್ಚಿತು. ಬ್ರೇಕು ಕಿರುಚಿದ್ದು ಕೇಳಿಸಿತು, ಆಮೇಲೆ ಏನೋ ಉಜ್ಜಿಕೊಂಡು ಹೋದ ಸದ್ದು, ಆಮೇಲೆ ಏನೂ ಇಲ್ಲ.

ಕೆಳಗಿನ ಸುತ್ತುಗಳನ್ನು ನಾನು ಹೇಗೆ ಇಳಿದೆನೋ ಗೊತ್ತಿಲ್ಲ. ನೆನಪಿರುವುದು ನೀರಿನ ಸದ್ದು. ಅಲ್ಲಿಯವರೆಗೆ ಪಕ್ಕದಲ್ಲಿದ್ದ ಸದ್ದು ಈಗ ಮುಂದಿನಿಂದ, ತೀರ ಆಳದಿಂದ ಬರುತ್ತಿತ್ತು.

ಅವರು ರಸ್ತೆಯ ಮೇಲೆ ಕೂತಿದ್ದರು. ಸೈಕಲ್ ಅಡ್ಡಬಿದ್ದು ಅವರ ಒಂದು ಕಾಲಿನ ಮೇಲಿತ್ತು. ಪ್ಯಾಂಟಿನ ಮೊಣಕಾಲು ಹರಿದು ರಕ್ತ ಬರುತ್ತಿತ್ತು. ಅವರ ಮುಂದೆ ಒಂದು ಸೀರೆ ಹಾಸುವಷ್ಟು ಡಾಂಬರು, ಅಷ್ಟೇ. ಅಲ್ಲಿಗೆ ರಸ್ತೆ ಮುಗಿದಿತ್ತು. ಹರಿದ ಬಟ್ಟೆಯ ಅಂಚಿನ ಹಾಗಲ್ಲ, ಕತ್ತರಿ ಆಡಿಸಿದ ಬಟ್ಟೆಯ ಹಾಗೆ ನೆಟ್ಟಗೆ. ಬದಿಯಲ್ಲಿ ಸುಣ್ಣ ಬಳಿದ ಕಲ್ಲುಗಳು ಸಾಲಾಗಿದ್ದವು; ಕೊನೆಯದು ಅರ್ಧ ಗಾಳಿಯಲ್ಲಿತ್ತು. ಕಲ್ಲಿಟ್ಟು ತಡೆದಿರಲಿಲ್ಲ, ಕೊಂಬೆ ಅಡ್ಡ ಹಾಕಿರಲಿಲ್ಲ. ಬೆಳಗಿನ ಜಾವವಷ್ಟೇ ಕುಸಿದಿತ್ತಂತೆ.

ನಾನು ಸೈಕಲ್ ಎತ್ತಿದೆ. ಅವರು ಏಳಲಿಲ್ಲ. ಕೂತಲ್ಲಿಂದಲೇ, “ಆಕಿ ಖಾಲಿ ಅಂದ್ಲು,” ಎಂದರು. ದೂರು ಹೇಳುವ ಹಾಗಿತ್ತು.

“ಹೌದ್ರಿ. ಖಾಲಿ ಗೇಲಾಯ ಅಂದಾಳ. ಕೆಳಗ ಹೋಗೇದ ಅಂತ.”

ಅವರು ನನ್ನ ಮುಖ ನೋಡಿದರು. ಮುಂದಿನ ಮಂಜು ನೋಡಿದರು. ತುಟಿ ಅಲುಗಾಡಿತು, ಆ ಶಬ್ದವನ್ನು ಒಳಗೇ ಹೇಳಿಕೊಂಡರೇನೋ. ಅವರ ಎರಡೂ ಕೈ ಹಿಡಿದು ನಾನು ಎಬ್ಬಿಸಿದೆ.

ಮೇಲೆ ಹತ್ತಿ ಬಂದಾಗ ಆ ಹೆಂಗಸು ಹೊರೆ ಎತ್ತದೆ ಅಲ್ಲೇ ನಿಂತಿದ್ದಳು. ಅವರು ಕುಂಟುತ್ತ ಬರುವುದನ್ನು ನೋಡಿ ಆಕೆಗೆ ಸಿಟ್ಟೇ ಬಂತು. “ಬರಂ ಝಾಲಂ ಮ್ಹಣೆ!” ಎಂದು ಅವರ ದನಿಯನ್ನೇ ಅಣಕಿಸಿದಳು. ರಸ್ತೆ ಬಿದ್ದುಹೋಗಿದೆ ಎಂದರೆ ಒಳ್ಳೆಯದಾಯಿತು ಎನ್ನುವ ಮನುಷ್ಯ, ಕಿವಿ ಇದೆಯೋ ಇಲ್ಲವೋ ಎಂದು ಬೈದಳು. ನಮ್ಮ ಮಾತಿನಲ್ಲಿ ಖಾಲಿ ಎಂದರೆ ಬೇರೆ ಎಂದು ನಾನು ವಿವರಿಸಲು ಹೋದೆ. ಆಕೆಗೆ ಅದು ಬೇಕಿರಲಿಲ್ಲ. ಹೊರೆ ತಲೆಗೇರಿಸಿಕೊಡಲು ಕೇಳಿದಳು, ಏರಿಸಿಕೊಟ್ಟೆವು. ಹಿನ್ನೀರಿನ ದಂಡೆಗೆ ಬಂದಾಗ ಬಿಸಿಲು ಬಿದ್ದಿತ್ತು. ರೊಟ್ಟಿಯ ಗಂಟು ಬಿಚ್ಚಲಿಲ್ಲ.

ನಾಲ್ಕೈದು ದಿನದ ಮೇಲೆ, ಮೊಣಕಾಲಿಗೆ ಮುಲಾಮು ಹಚ್ಚಿಸಿಕೊಳ್ಳುತ್ತ ಅವರು ಕೇಳಿದರು: “ಅಲ್ಲೆ ನನ್ನ ಹೆಸರು ಯಾರ ಕೂಗಿದ್ರು? ಕಾರ್ಖಾನಿಯವರು ಯಾರರೆ ಬಂದಾರೇನು ಅಂತ ನೋಡಾಕ ಬ್ರೇಕ್ ಹಿಡಿದೆ.”

“ನಾನs ರಿ.”

ಅವರು ನಂಬಲಿಲ್ಲ. “ನೀನಾ? ಎಲ್ಲೆ, ಮತ್ತೊಮ್ಮೆ ಕರಿ ನೋಡೂಣು.”

ನಾನು ಬಾಯಿ ತೆರೆದೆ. ಬರಲಿಲ್ಲ. ಮುಲಾಮಿನ ಡಬ್ಬಿ ಮುಚ್ಚಿಟ್ಟು ಒಳಗೆ ಹೋದೆ.

ದೀಪಾವಳಿಗೆ ಬಂದ ನಾದಿನಿ, ಪಾಣಿ ಖಾಲಿ ಕಥೆ ಹೇಳು ಎಂದು ಅವರನ್ನು ಕಾಡಿದಳು. ಅಜ್ಜಿ ಬಾಗಿಲಿಗೆ ಬಂದು ನಿಲ್ಲುವವರೆಗೆ ಹೇಳಿದರು. ಅಜ್ಜಿಯ ಮಾತು ಬರುವಲ್ಲಿ ನಿಂತರು. ನಾದಿನಿ ಮುಂದೇನಾಯಿತು ಎಂದು ಕಾಯುತ್ತಿದ್ದಂತೆ ಎದ್ದು ಬಾಲ್ಕನಿಗೆ ಹೋದರು. ಆ ಕಥೆಯನ್ನು ಆಮೇಲೆ ನಮ್ಮ ಮನೆಯಲ್ಲಿ ಯಾರೂ ಹೇಳಿಲ್ಲ.

ಸೈಕಲ್ ಬಿಡಲಿಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲೆ ಇಬ್ಬರಿಗೂ ಗೇರ್ ಇರುವ ಸೈಕಲ್ ಬಂದವು, ಮುಳಶಿ ಕೆರೆಯನ್ನೂ ಸುತ್ತಿ ಬಂದೆವು. ಆದರೆ ದಾರಿ ಕೇಳುವ ರೀತಿ ಬದಲಾಯಿತು. ಮರಾಠಿಯಲ್ಲಿ ಕೇಳುವವರು ಅವರೇ. ಉತ್ತರ ಬಂದ ಮೇಲೆ ಹೊರಡುವುದಿಲ್ಲ, ನನ್ನ ಕಡೆ ತಿರುಗುತ್ತಾರೆ. ಅದನ್ನು ನಾನು ಕನ್ನಡದಲ್ಲಿ ಹೇಳಬೇಕು. ಒಮ್ಮೆ ಮುಳಶಿಯ ಆಚೆ ಕಾಡಿನ ಅಂಚಿನಲ್ಲಿ, ಮುಂದಿನ ಇಳಿಜಾರು ಹೇಗಿದೆ ಎಂದು ದನ ಕಾಯುವವನನ್ನು ಕೇಳಿದರು. ಅವನು ‘ಸರಳ ಆಹೇ’ ಎಂದ. ಅವರು ನನ್ನ ಕಡೆ ತಿರುಗಿದರು.

“ನೆಟ್ಟಗ ಅದ ಅಂತಾನ್ರಿ.”

“ಸರಳ ಅಂದನಲ್ಲ. ಸುಲಭ ಅದ ಅಂತ ಅಲ್ಲ?”

“ಅಲ್ರಿ. ನೆಟ್ಟಗ ಅಂತ, ಅಷ್ಟ.”

ಅವರು ಸ್ವಲ್ಪ ಹೊತ್ತು ಆ ನೆಟ್ಟನೆಯ ಇಳಿಜಾರು ನೋಡಿದರು. ಆಮೇಲೆ ಸೀಟಿನಿಂದ ಇಳಿದು, ಎರಡೂ ಬ್ರೇಕು ಹಿಡಿದು, ನಡೆದುಕೊಂಡೇ ಇಳಿಯತೊಡಗಿದರು.